ಕೊಡ ಏರದ ಗುಟುಕುಗುಡ್ಡ

ಕೆಂಜಿಗೆದಿನ್ನಿಯಿಂದ ಪಡುವಣಕ್ಕೆ ಹೊರಟ ಬಂಡಿದಾರಿ ಹಳ್ಳ ದಾಟಿದ ಕೂಡಲೇ ಸೊರಗಿಹೋಗುತ್ತದೆ. ಜೋಳದ ಹೊಲಗಳು ಅಲ್ಲಿಗೆ ಮುಗಿದವು. ಮುಂದೆ ಗರಸು ನೆಲ, ಕಾರೆಮುಳ್ಳು, ಅದರಾಚೆ ಬಂಡೆಯ ಮೇಲೆ ಬಂಡೆ ಒಟ್ಟಿದಂತೆ ನಿಂತ ಬೋಳುಗುಡ್ಡ. ಅದೇ ಗುಟುಕುಗುಡ್ಡ. ಅದರ ಮೇಲೆ ಒರತೆಯಿಲ್ಲ, ನೀರು ನಿಲ್ಲುವ ದೊಣೆಯಿಲ್ಲ. ಸುರಿದ ಮಳೆ ನಿಲ್ಲದೆ ಜಾರಿ ಹಳ್ಳ ಸೇರುತ್ತದೆ. ಹಕ್ಕಿಗಳು ಅಲ್ಲಿ ಗೂಡು ಕಟ್ಟಿ ಮರಿಗಳಿಗೆ ಗುಟುಕು ಕೊಡುವುದರಿಂದ ಈ ಹೆಸರು ಬಂತೆಂದು ಶಾಲೆಯ ಮೇಷ್ಟ್ರೊಬ್ಬರು ಬರೆದಿಟ್ಟಿದ್ದಾರೆ. ಒಳ್ಳೆಯ ಮನುಷ್ಯರು, ಅವರೊಡನೆ ನನಗೆ ಜಗಳವಿಲ್ಲ. ಆದರೆ ಹಕ್ಕಿ ಗೂಡು ಕಟ್ಟದ ಗುಡ್ಡ ಯಾವ ಸೀಮೆಯಲ್ಲಿದೆ? ನಮ್ಮೂರಿನವರು ಹೇಳುವ ಕಾರಣ ಬೇರೆ. ನಾನದನ್ನು ನನ್ನ ಸೋದರತ್ತೆಯ ಬಾಯಿಂದ ಕೇಳಿದೆ. ಆಕೆ ತನ್ನ ಅತ್ತೆಯಿಂದ ಕೇಳಿದ್ದಳು.

ಹಿಂದೆ ಒಮ್ಮೆ, ಈ ಸೀಮೆಯನ್ನು ಜಡಿಯಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ ಕಾಲದಲ್ಲಿ, ಭಂಗಿ ಗಿಡ ಎಲ್ಲರ ಹಿತ್ತಿಲಲ್ಲೂ ಇತ್ತು ಎನ್ನುತ್ತಾರೆ. ಸಾಧುಗಳು ಅದರ ಸೊಪ್ಪನ್ನು ಚಿಲುಮೆಗೆ ತುಂಬುತ್ತಿದ್ದರು, ರೈತರು ಹೊಟ್ಟೆ ಉಬ್ಬಿದ ಎತ್ತಿಗೆ ತಿನ್ನಿಸುತ್ತಿದ್ದರು, ಎಲುಬು ಕೂಡಿಸುವವರು ನೋವಿನವರಿಗೆ ಹಾಲಿನಲ್ಲಿ ಕುದಿಸಿ ಕೊಡುತ್ತಿದ್ದರು. ಕೋಟೆಯ ಕಾವಲಿನವರೂ ಅದನ್ನು ಬಿಟ್ಟವರಲ್ಲ. ಒಂದು ಹಬ್ಬದ ದಿನ ಅವರೆಲ್ಲ ಭಂಗಿ ಕುಡಿದು ಮೈಮರೆತು ಬಿದ್ದಿದ್ದಾಗ ನೆರೆಸೀಮೆಯ ದಂಡು ಒಳನುಗ್ಗಿತು. ಬಾಗಿಲಿಗೆ ಅಡ್ಡ ನಿಂತವನು ನಾಯಕನ ತಮ್ಮ ಒಬ್ಬನೇ; ಅಲ್ಲೇ ಸತ್ತ. ದಂಡು ಕೋಟೆ ಸೂರೆ ಮಾಡಿಕೊಂಡು ಹೊರಟುಹೋಯಿತು. ತಾಯಿಯಿಲ್ಲದ ಆ ತಮ್ಮನನ್ನು ನಾಯಕ ಎತ್ತಿ ಆಡಿಸಿ ಬೆಳೆಸಿದ್ದ. ಮಣ್ಣು ಮಾಡಿ ಬಂದವನೇ ಡಂಗುರ ಸಾರಿಸಿದ: ನನ್ನ ಸೀಮೆಯಲ್ಲಿ ಒಂದು ಭಂಗಿ ಗಿಡವೂ ಉಳಿಯಬಾರದು, ಬೆಳೆದವರ ಬಲಗೈ ತೋಳಿನಲ್ಲಿ ಉಳಿಯುವುದಿಲ್ಲ. ಹಿತ್ತಿಲು ಹಿತ್ತಿಲು ಹೊಕ್ಕು ಆಳುಗಳು ಗಿಡ ಕಿತ್ತರು, ರಾಶಿ ಹಾಕಿ ಸುಟ್ಟರು. ಅವನ ದುಃಖ ಕಂಡವರಾರೂ ಎದುರು ಮಾತಾಡಲಿಲ್ಲ.

ಆಗ ಕೆಂಜಿಗೆದಿನ್ನಿಯಲ್ಲಿ ಎಲುಬು ಕೂಡಿಸುವವಳು ಹಂಪವ್ವ. ಗಂಡ ತೀರಿದ ಮೇಲೆ ಅತ್ತೆಯಿಂದ ಕಲಿತ ವಿದ್ಯೆಯನ್ನೇ ನೆಚ್ಚಿ ಬದುಕುತ್ತಿದ್ದ ಗಟ್ಟಿ ಹೆಂಗಸು. ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಭಂಗಿ ಸುಟ್ಟ ಕೆಲವೇ ದಿನಗಳಲ್ಲಿ ಕುರುಬರ ಹುಡುಗಿಯೊಬ್ಬಳು ಹುಣಸೆಮರದಿಂದ ಬಿದ್ದು ತೊಡೆ ಮುರಿದುಕೊಂಡಳು. ನೋವಿಗೆ ಕೊಡಲು ಏನೂ ಇರಲಿಲ್ಲ. ಗಂಡಸರು ಒತ್ತಿ ಹಿಡಿದರು, ಹಂಪವ್ವ ಕಾಲೆಳೆದಳು, ಹುಡುಗಿ ಕಿರುಚಿ ಮೈಯೆಲ್ಲ ಬಿಗಿಹಿಡಿದಳು, ಎಲುಬು ಕೂಡಲಿಲ್ಲ. ಮತ್ತೆ ಎಳೆದರು, ಮತ್ತೆ ತಪ್ಪಿತು. ಬೈಗಿನೊಳಗೆ ಆ ಕೂಸು ನೋವಿನಲ್ಲೇ ಉಸಿರು ಬಿಟ್ಟಿತು. ಹಂಪವ್ವ ಅಂದು ಒಲೆ ಹೊತ್ತಿಸಲಿಲ್ಲ. ಬೆಳಗಾದ ಮೇಲೆ ಅಟ್ಟದ ಮೇಲಿನ ಗಡಿಗೆಗಳನ್ನೆಲ್ಲ ಕೆಡವಿ ತಡಕಿದಳು. ಒಂದರ ತಳದಲ್ಲಿ ಹಿಡಿಯಷ್ಟೂ ಇಲ್ಲದ ಭಂಗಿ ಬೀಜ ಸಿಕ್ಕಿತು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಆಗಿನ್ನೂ ಹೆಸರೇ ಇಲ್ಲದ ಆ ಬೋಳುಗುಡ್ಡದ ಕಡೆ ನಡೆದಳು. ಚಿರತೆಯ ಭಯಕ್ಕೆ ದನಗಾಹಿಗಳೂ ಅತ್ತ ಸುಳಿಯುತ್ತಿರಲಿಲ್ಲ. ನೆತ್ತಿಯ ಬಂಡೆಗಳ ಸೀಳಿನಲ್ಲಿ ಎಲೆ ಕೊಳೆತು ಕೂತ ಚೂರು ಚೂರು ಮಣ್ಣಿನಲ್ಲಿ ಆ ಬೀಜ ಊರಿದಳು.

ಮೊಳಕೆ ಬಂತು, ಮಳೆ ಹೋಯಿತು. ಆ ವರ್ಷ ಮಳೆ ಮುಂಚೆಯೇ ಮುಖ ತಿರುಗಿಸಿತಂತೆ. ಹಳ್ಳದಲ್ಲಿ ಗುಂಡಿ ತೋಡಿ ನೀರು ತುಂಬಬೇಕಾಗಿ ಬಂದಾಗ ನಾಯಕ ಅಲ್ಲಿಗೆ ಗಾದಿಲಿಂಗನೆಂಬ ತಳವಾರನನ್ನು ಕಾವಲಿಟ್ಟ. ಕೊಡವೇನಿದ್ದರೂ ಊರ ಕಡೆ ಹೋಗಬೇಕು. ಗುಡ್ಡದ ಕಡೆ ಕೊಡ ಹೊತ್ತರೆ ಕೇಳುವವರಿದ್ದರು. ಮೇಲೆ ಗೇಣುದ್ದದ ಸಸಿಗಳು ತಲೆ ಬಾಗಿಸಿದ್ದವು. ಹಂಪವ್ವ ಹಳ್ಳಕ್ಕೆ ಬಂದಳು, ಬಗ್ಗಿ ಬೊಗಸೆಯಲ್ಲಿ ನೀರು ಕುಡಿದವಳಂತೆ ಬಾಯಿ ತುಂಬಿಕೊಂಡಳು, ತುಟಿ ಬಿಗಿದು ಗುಡ್ಡ ಏರಿದಳು. ಒಂದು ಸಸಿಯ ಬುಡಕ್ಕೆ ಬಗ್ಗಿ ಆ ನೀರು ಬಿಟ್ಟಳು. ಇಳಿದು ಬಂದು ಮತ್ತೆ ತುಂಬಿಕೊಂಡಳು. ಪ್ರತಿದಿನವೂ ಹೀಗೇ. ಗಿಡಕ್ಕೆ ಒಂದೊಂದೇ ಗುಟುಕು. ಇಂದು ಕುಡಿದ ಗಿಡ ಮತ್ತೆ ತನ್ನ ಸರದಿ ಬರುವವರೆಗೆ ಬಂಡೆಯ ನೆರಳನ್ನೇ ನಂಬಿ ನಿಲ್ಲಬೇಕು. ಕೆಲವು ಒಣಗಿದವು. ಉಳಿದವು ಆ ಗುಟುಕಿಗೇ ಒಗ್ಗಿ, ಕುಳ್ಳಗೆ, ಗಟ್ಟಿಯಾಗಿ, ಬೇರನ್ನು ಕಲ್ಲಿನೊಳಗೆ ಇಳಿಸಿ ನಿಂತವು.

ಉರಿಬಿಸಿಲಿನಲ್ಲಿ ಬಾಯ ತುಂಬ ನೀರಿಟ್ಟುಕೊಂಡು, ಗಂಟಲೊಣಗಿದರೂ ಅದನ್ನು ನುಂಗದೆ ಏರುವುದೆಂದರೆ ಏನೆಂದು ಏರಿದವರಿಗೇ ಗೊತ್ತು. ಗಾದಿಲಿಂಗ ಮೊದಲ ದಿನವೇ ಕೇಳಿದ್ದ, “ಹಂಪವ್ವಕ್ಕ, ಎಲ್ಲಿಗಿ ಹೊಂಟೀದಿ?” ಅವಳು ತಿರುಗಿ ನೋಡಿದಳು, ಮಾತಾಡಲಿಲ್ಲ. “ಯಾಕ, ಮೌನ ಹಿಡಿದೀಯೇನು?” ಅಂದ. ತಲೆಯಾಡಿಸಿ ನಡೆದಳು. ಅಷ್ಟು ಮಾತಾಡುತ್ತಿದ್ದ ಹಂಪವ್ವ ಸತ್ತ ಹುಡುಗಿಯ ಸಲುವಾಗಿ ಮೌನವ್ರತ ಹಿಡಿದಿದ್ದಾಳೆಂದು ಊರಿಗೆಲ್ಲ ಸುದ್ದಿಯಾಯಿತು. ಒಮ್ಮೆ ಅವನ ಕಣ್ಣೆದುರಿಗೇ ಕಾರೆಮುಳ್ಳು ಅವಳ ಅಂಗಾಲಿಗೆ ನಟ್ಟಿತು. ಅವಳು ಕೂತು ಮುಳ್ಳು ಕಿತ್ತಳು, ಕಣ್ಣಿನಲ್ಲಿ ನೀರು ಇಳಿಯಿತು, ಬಾಯಿಂದ ಒಂದು ಹನಿಯೂ ಹೊರಬೀಳಲಿಲ್ಲ, ಒಂದು ಸದ್ದೂ ಬರಲಿಲ್ಲ. ರಕ್ತದ ಹೆಜ್ಜೆ ಇಡುತ್ತ ಮೇಲೇರಿದಳು. ಗಾದಿಲಿಂಗ ಆ ದಿನದಿಂದ ಅವಳು ಬಂದಾಗ ಎದ್ದು ನಿಲ್ಲುತ್ತಿದ್ದ.

ಗಿಡಗಳು ತೆನೆಗಟ್ಟಿ, ಅವಳು ಸೊಪ್ಪು ಒಣಗಿಸಿಟ್ಟ ಮೇಲೆ, ಕೋಟೆಯ ಹೊಸ ಗೋಡೆ ಕಟ್ಟುವಾಗ ಕಲ್ಲು ಜಾರಿ ಯಲ್ಲೋಜಿಯೆಂಬ ಕಲ್ಲುಕುಟಿಗನ ಮೊಣಕಾಲಿನ ಕೆಳಗೆ ಎಲುಬು ಮುರಿದು ಚರ್ಮ ಹರಿದು ಹೊರಬಂತು. ಅವನ ಕೂಗಿಗೆ ಇಡೀ ಕೋಟೆ ನಡುಗಿತು. ಹಂಪವ್ವನಿಗೆ ಹೇಳಿಕಳಿಸಿದರು. ಅವಳು ಬಂದು ನೋಡಿದಳು, ಮನೆಗೆ ಹೋದಳು, ಸೊಪ್ಪಿನ ಗಂಟು ತಂದು ಎಲ್ಲರ ಎದುರಿಗೇ ಬಿಚ್ಚಿ ಹಾಲಿಗೆ ಹಾಕಿ ಕುದಿಸಿದಳು. ಸುತ್ತ ನಿಂತವರು ಹಿಂದೆ ಸರಿದರು. ಯಲ್ಲೋಜಿ ಕುಡಿದ, ಮೆಲ್ಲಗೆ ಅವನ ಕೂಗು ಇಳಿಯಿತು, ಬಿಗಿದ ಮೈ ಸಡಿಲಾಯಿತು. ಅವಳು ಕಾಲೆಳೆದು ಎಲುಬು ಕೂಡಿಸಿ ಬಿದಿರುದಬ್ಬೆ ಕಟ್ಟುವುದಕ್ಕೂ ನಾಯಕ ಬಂದು ನಿಲ್ಲುವುದಕ್ಕೂ ಸರಿಹೋಯಿತು.

“ಈ ವಾಸನಿ ನನಗ ಗೊತ್ತು,” ಅಂದ ನಾಯಕ. “ಯಾರು ಬೆಳದಾರ?”

“ನಾನ ಬೆಳದೀನಿ, ದೊರಿ.”

ಎಲ್ಲಿ ಎಂದು ಕೇಳಿದ. ಅವಳು ಗುಡ್ಡ ತೋರಿಸಿದಳು. ನೀರೆಲ್ಲಿಂದ ಎಂದಾಗ, ಬಾಯಲ್ಲಿ ಒಯ್ದೆ ಎಂದಳು. ನಾಯಕ ನಂಬಲಿಲ್ಲ. ನೀರು ಹೊರುವ ಜನ ಬೇರೆ ಇದ್ದಾರೆ, ಅವರ ಹೆಸರು ಹೇಳು, ಕೈ ಉಳಿಸುತ್ತೇನೆ ಎಂದ. “ಇಲ್ಲದವರ ಹೆಸರು ಎಲ್ಲಿಂದ ತರಲಿ? ಬರ್ರಿ, ತೋರಸ್ತೀನಿ. ಆಮ್ಯಾಲ ಕೈ ತಗೋರಿ,” ಅಂದಳು ಹಂಪವ್ವ.

ಮರುದಿನ ನಾಯಕ ಹಳ್ಳಕ್ಕೆ ಬಂದ. ತಾನೂ ಬಾಯಿ ತುಂಬಿಕೊಂಡು ಏರುವೆನೆಂದು ಅವನೇ ಹೇಳಿದನಂತೆ. ದಂಡು ನಡೆಸಿದವನು, ಹೆಂಗಸೊಬ್ಬಳು ಏರಿದ ಗುಡ್ಡ ಎಷ್ಟರದು ಎಂಬ ಭಾವ. ಅರ್ಧಕ್ಕೆ ಮುಟ್ಟುವಷ್ಟರಲ್ಲಿ ನೀರು ತನಗೆ ತಿಳಿಯದಂತೆಯೇ ಗಂಟಲಿಗಿಳಿದಿತ್ತು. ಇಳಿದು ಮತ್ತೆ ತುಂಬಿಕೊಂಡ. ಈ ಸಲ ಕಲ್ಲು ಜಾರಿತು, ಬೈಗುಳದ ಜೊತೆ ನೀರೂ ಹೋಯಿತು. ಆಳುಗಳು ನಗು ತಡೆದು ನಿಂತರು. ನಾಯಕ ಅವರನ್ನು ಗದರಲಿಲ್ಲ. ಖಾಲಿ ಬಾಯಲ್ಲಿ ಹಂಪವ್ವನ ಹಿಂದೆ ನಡೆದ. ಅವಳು ಕೆನ್ನೆ ಉಬ್ಬಿಸಿಕೊಂಡು, ಮೂಗಿನಲ್ಲೇ ಉಸಿರಾಡುತ್ತ, ನಿಲ್ಲದೆ ನೆತ್ತಿಗೇರಿ ಸೀಳಿನಲ್ಲಿ ಉಳಿದಿದ್ದ ಗಿಡದ ಬುಡಕ್ಕೆ ಬಗ್ಗಿ, ತಾಯಿಹಕ್ಕಿ ಮರಿಗೆ ಕೊಡುವಂತೆ ನೀರು ಬಿಟ್ಟಳು. ಆಮೇಲೆ ಬಲಗೈ ಮುಂದೆ ಚಾಚಿ ನಿಂತಳು.

ನಾಯಕ ಬಂಡೆಯ ಮೇಲೆ ಕೂತ. ಆ ಗಿಡದ ಒಂದು ಎಲೆ ಕಿತ್ತು ಬೆರಳಲ್ಲಿ ಹೊಸಕಿ ಮೂಸಿದ. “ನನ್ನ ತಮ್ಮನ್ನ ಕೊಂದದ್ದು ಇದ ಸೊಪ್ಪು, ಅವ್ವಾ,” ಅಂದ. ಹಂಪವ್ವ ಅವನ ಪಕ್ಕದಲ್ಲಿ ಕೂತಳು. “ಹೌದು, ನನ್ನಪ್ಪ. ತೊಡಿ ಮುರದ ಕುರುಬರ ಹುಡುಗೀನ ಕೊಂದದ್ದು ಇದು ಇಲ್ಲದ್ದು,” ಅಂದಳು. ನಾಯಕನ ಕಣ್ಣು ತುಂಬಿತು. ತಮ್ಮ ಸತ್ತ ದಿನವೂ ಅಳದಿದ್ದವನು ಅಲ್ಲಿ, ಆಳುಗಳೆದುರು, ಮುಖ ಮುಚ್ಚಿಕೊಳ್ಳದೆ ಅತ್ತನೆಂದು ನನ್ನ ಸೋದರತ್ತೆ ಹೇಳುವಾಗ ಅವಳ ದನಿಯೂ ತಗ್ಗುತ್ತಿತ್ತು.

ಗುಡ್ಡ ಇಳಿಯುವ ಮುಂಚೆ ನಾಯಕ ಕಟ್ಟಳೆ ಮಾಡಿದ: ಸೀಮೆಯಲ್ಲಿ ಭಂಗಿ ಎಲ್ಲಿಯೂ ಬೇಡ, ಈ ಗುಡ್ಡದ ಮೇಲೆ ಮಾತ್ರ ಇರಲಿ. ಆದರೆ ಇದರ ಮೇಲೆ ಕೊಡ ಏರಬಾರದು, ತೊಗಲಚೀಲ ಏರಬಾರದು. ಬಾಯಲ್ಲಿ ಒಯ್ದ ಗುಟುಕಿನಿಂದ ಎಷ್ಟು ಬೆಳೆದೀತೋ ಅಷ್ಟೇ ಬೆಳೆಯಲಿ, ನೋವಿನವರಿಗೆ ಅಷ್ಟು ಸಾಕು. ಅಮಲಿಗಾಗಿ ಅಷ್ಟು ಕಷ್ಟಪಡುವವನು ಯಾರು? ಹಂಪವ್ವನ ನಂತರ ಅವಳ ಸೊಸೆ, ಸೊಸೆಯ ಸೊಸೆ ಆ ಗಿಡ ಕಾದರು. ಕುದುರೆಯಿಂದ ಬಿದ್ದವರು, ಗೂಳಿ ತಿವಿದವರು ದೂರದ ಸೀಮೆಗಳಿಂದ ಬಂಡಿಯಲ್ಲಿ ಮಲಗಿ ನಮ್ಮೂರಿಗೆ ಬಂದು, ಕಾಲೂರಿ ನಡೆದು ಹೋದರು. ಕಾವಲಿಲ್ಲದೆಯೂ ಆ ಗುಡ್ಡಕ್ಕೆ ಒಂದು ಕೊಡವೂ ಏರಲಿಲ್ಲ. ನಮ್ಮೂರಿನವರು ಎದೆಯುಬ್ಬಿಸಿ ಹೇಳಿಕೊಳ್ಳುವುದು ಇದನ್ನೇ.

ಈಗ ಅಲ್ಲಿ ಭಂಗಿ ಇಲ್ಲ. ಎಂದೋ ಅಳಿಯಿತು, ಕಾಲವೂ ಬೇರೆ, ಕಾನೂನೂ ಬೇರೆ. ಮುರಿದ ಕಾಲಿಗೆ ಪಟ್ಟಣದ ಆಸ್ಪತ್ರೆ ಇದೆ. ಆದರೂ ಕಡುಬೇಸಿಗೆಯಲ್ಲಿ, ಸುತ್ತಣ ನೆಲವೆಲ್ಲ ಸುಟ್ಟ ಹಂಚಿನ ಬಣ್ಣಕ್ಕೆ ತಿರುಗಿದಾಗ, ನೆತ್ತಿಯ ಸೀಳುಗಳಲ್ಲಿ ತುಂಬೆ, ಉತ್ತರಾಣಿ ಹಸಿರಾಗಿ ನಿಂತಿರುವುದನ್ನು ಅಲ್ಲಿಗೆ ಬಂದವರು ಕಾಣಬಹುದು. ಬೆಳಗಿನ ಹೊತ್ತು ಬಂದರೆ ನಮ್ಮೂರಿನ ಹೆಂಗಸರು, ಗಂಡಸರು, ಹೊಸದಾಗಿ ಬಂದ ಸೊಸೆಯಂದಿರು ಸಾಲಾಗಿ ಏರುತ್ತಿರುತ್ತಾರೆ. ಪರಸ್ಥಳದವರು ದಾರಿಗಡ್ಡ ನಿಂತು ಈ ಗುಡ್ಡದ ಹೆಸರೇನೆಂದು ಕೇಳುವುದುಂಟು. ಯಾರೂ ಉತ್ತರ ಕೊಡುವುದಿಲ್ಲ. ಸೊಕ್ಕಿನ ಜನ ಎಂದುಕೊಳ್ಳಬಾರದು, ಬಾಯಲ್ಲಿ ನೀರಿರುತ್ತದೆ.