ಚೀಲದ ಮೇಲಿನ ಕೋಳಿ

ನಾಯಿ ತಿಂಡಿಯ ಹೊಸ ಚೀಲವೊಂದು ಜಗಲಿಗೆ ಬಂದಿತು. ಅದರ ಮೇಲೆ ಹುರಿದ ಕೋಳಿಯ ಚಿತ್ರ ಕಂಡು ಮನೆಯ ಹೇಂಟೆ ಬೆಚ್ಚಿತು.

"ಅಯ್ಯಾ ಚೀಲವೇ, ನಿನ್ನೊಳಗೆ ನಮ್ಮವರು ಎಷ್ಟು ಮಂದಿ ಇದ್ದಾರೆ?"

"ಲೆಕ್ಕವೇ ಇಲ್ಲ," ಎಂದಿತು ಚೀಲ, ಜಂಬದಿಂದ.

ಮನೆಯ ನಾಯಿ ಮೂರು ತಿಂಗಳಿಂದ ಅದೇ ತಿಂಡಿ ತಿಂದು ಬೆನ್ನಿನ ಕೂದಲು ಉದುರಿಸಿಕೊಂಡಿತ್ತು. ಅದರ ಬಟ್ಟಲಿನಿಂದ ಒಂದು ಉಂಡೆ ಹೊರಗೆ ಉರುಳಿತು. ಹೇಂಟೆ ಅಳುತ್ತಲೇ ಅದನ್ನು ಕುಕ್ಕಿ ನೋಡಿತು. ಅಳು ನಿಂತಿತು. ಬಟ್ಟಲಿಗೇ ಕೊಕ್ಕು ಹಾಕಿ ಇನ್ನೆರಡು ತಿಂದಿತು.

"ತಮ್ಮಾ, ಇದರಲ್ಲಿ ನಮ್ಮವರು ಯಾರೂ ಇಲ್ಲ," ಎಂದಿತು ನಾಯಿಗೆ. "ಇದು ಕೋಳಿಯಲ್ಲ, ಕೋಳಿಗೆ ಹಾಕುವ ತೌಡು. ಇದನ್ನೇ ನಂಬಿಕೊಂಡರೆ ನಿನಗೆ ಬೊಗಳುವ ಶಕ್ತಿಯೂ ಉಳಿಯುವುದಿಲ್ಲ, ಮೊಟ್ಟೆ ಇಡುವುದಕ್ಕೂ ಬರುವುದಿಲ್ಲ."