ಬೆಳ್ಳಿಯ ರಕ್ತ, ಬುದ್ಧಿಯವರ ರಕ್ತ

ಕಪಿಲೆಯ ದಡದಲ್ಲಿ ಹಾವಿನ ಮಠ ಅಂತ ಒಂದಿತ್ತು.

ಹೆಸರಿಗೆ ಮಠ. ಒಳಗೆ ಹೋದರೆ ಗದ್ದುಗೆಯ ಜಾಗದಲ್ಲಿ ಸೂಕ್ಷ್ಮದರ್ಶಕ, ತೀರ್ಥದ ಜಾಗದಲ್ಲಿ ರಕ್ತದ ಸೀಸೆಗಳು. ಹಿತ್ತಲಿನ ಗಡಿಗೆಗಳಲ್ಲಿ ಹಾವು, ಲಾಯದಲ್ಲಿ ಬೆಳ್ಳಿ ಎಂಬ ಹೆಣ್ಣು ಕುದುರೆ. ಹಾವು ಕಚ್ಚಿದವರಿಗೆ ಬೇಕಾದ ಔಷಧವನ್ನು ಆ ಕುದುರೆಯ ರಕ್ತದಲ್ಲಿ ಹುಡುಕುವುದೇ ಅಲ್ಲಿಯ ಪೂಜೆ.

ಅದನ್ನು ನಡೆಸುತ್ತಿದ್ದವರು ಪುಟ್ಟಬುದ್ಧಿ ಎಂಬ ವಯಸ್ಸಾದ ವಿಜ್ಞಾನಿ. ಆ ಸೀಮೆಯಲ್ಲಿ ಮಠದ ಸ್ವಾಮಿಗಳನ್ನು ‘ಬುದ್ಧಿ’ ಎಂದು ಕರೆಯುವುದು ವಾಡಿಕೆ. ಶಿಷ್ಯರು ಇವರನ್ನೂ ಹಾಗೇ ಕರೆದರು. ಮೊದಮೊದಲು ತಮಾಷೆಗೆ, ಆಮೇಲೆ ನಿಜವಾಗಿ.

ಆ ಶಿಷ್ಯರಲ್ಲಿ ದಾಕ್ಷಾಯಿಣಿ ಒಬ್ಬಳು. ಭಕ್ತಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದಿನಾ ಬೆಳಿಗ್ಗೆ ಗುರುಗಳ ಪಾದಕ್ಕೆ ಹಣೆ ಹಚ್ಚಿ, ಕಣ್ಣು ಮುಚ್ಚಿ ನಮಸ್ಕಾರ ಮಾಡದೆ ಒಂದು ಸೀಸೆಯನ್ನೂ ಮುಟ್ಟುತ್ತಿರಲಿಲ್ಲ.

ಬುದ್ಧಿಯವರು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. “ನಿನ್ನ ನಮಸ್ಕಾರ ನನಗೆ ತಲುಪಲಿಲ್ಲ ಕಣವ್ವ.”

ಮಾರನೇ ದಿನ ಅವಳು ಇನ್ನಷ್ಟು ಬಗ್ಗುತ್ತಿದ್ದಳು. ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿದ್ದಳು.

ಅವಳು ಅಲ್ಲಿಗೆ ಬಂದದ್ದು ಸುಮ್ಮನೆ ಅಲ್ಲ. ಸೋದರಮಾವ ಗುರುಮಲ್ಲಪ್ಪನಿಗೆ ಕಬ್ಬು ಕಡಿಯುವಾಗ ಕೊಳಕುಮಂಡಲ ಕಚ್ಚಿತ್ತು. ಆಸ್ಪತ್ರೆಯಲ್ಲಿ ಸೀಸೆ ಮೇಲೆ ಸೀಸೆ ಔಷಧ ಏರಿಸಿದರು. ಅದು ಬೇರೆ ಸೀಮೆಯ ಹಾವಿನ ವಿಷದಿಂದ ಮಾಡಿದ ಔಷಧ. ಈ ಕಡೆಯ ವಿಷವನ್ನು ಅದು ಅರ್ಧಂಬರ್ಧ ಗುರುತಿಸುತ್ತಿತ್ತು. ಮಾವನ ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಹಾಗಾಗಿ ಈ ಸೀಮೆಯ ಹಾವಿನ ವಿಷವನ್ನೇ ಬೆಳ್ಳಿಗೆ ಕೊಟ್ಟಿದ್ದರು. ಮೊದಲು ಸೂಜಿಮೊನೆಯಷ್ಟು, ತಡೆದುಕೊಂಡಂತೆಲ್ಲ ಸ್ವಲ್ಪ ಸ್ವಲ್ಪ ಹೆಚ್ಚು. ಬೆಳ್ಳಿಯ ಮೈ ವಿಷವನ್ನು ಗುರುತು ಹಿಡಿದು, ಅದನ್ನು ಕಟ್ಟಿಹಾಕುವ ಪ್ರೋಟೀನನ್ನು ರಕ್ತದಲ್ಲಿ ತಯಾರಿಸಬೇಕು. ತಯಾರಿಸಿದೆಯೋ ಇಲ್ಲವೋ, ಅದೇ ಈಗ ತಿಳಿಯಬೇಕಾಗಿತ್ತು. ಔಷಧ ತಯಾರಿಸುವವರು ನಾಳೆ ನೋಡಲು ಬರುವವರಿದ್ದರು. ಅವರು ಒಪ್ಪದಿದ್ದರೆ ಬರುವ ಕಬ್ಬಿನ ಕಟಾವಿಗೂ ಅದೇ ಹಳೇ ಔಷಧವೇ ಗತಿ.

ಅವತ್ತು ಬೆಳಿಗ್ಗೆ ದಾಕ್ಷಾಯಿಣಿ ನಮಸ್ಕಾರವನ್ನೂ ಮರೆತು ಹೊಳೆಯ ಮೆಟ್ಟಿಲು ಇಳಿದು ಓಡಿದಳು. ಕೈಯಲ್ಲಿ ಒಂದು ಗಾಜಿನ ತಟ್ಟೆ. ಬುದ್ಧಿಯವರು ಮೊಣಕಾಲುದ್ದ ನೀರಿನಲ್ಲಿ ನಿಂತು ಪಂಚೆ ಹಿಂಡುತ್ತಿದ್ದರು.

“ಗೆರೆ ಬಿದ್ದಿದೆ ಬುದ್ಧಿ.”

ತಟ್ಟೆಯಲ್ಲಿ ತೆಳ್ಳಗೆ ಹೆಪ್ಪುಗಟ್ಟಿದ ಅಗಾರ್, ಕಡಲ ಪಾಚಿಯಿಂದ ತೆಗೆದ ಒಂದು ಬಗೆಯ ಅಂಟು. ನಡುವೆ ಒಂದು ಗುಳಿ, ಅದರಲ್ಲಿ ಹಾವಿನ ವಿಷ. ಪಕ್ಕದ ಗುಳಿಯಲ್ಲಿ ಬೆಳ್ಳಿಯ ರಕ್ತದ ತಿಳಿ. ಎರಡೂ ಮೆಲ್ಲಗೆ ಹರಡುತ್ತಾ ಒಂದನ್ನೊಂದು ಎದುರುಗೊಳ್ಳುತ್ತವೆ. ರಕ್ತಕ್ಕೆ ವಿಷದ ಗುರುತು ಸಿಕ್ಕಿದರೆ, ಎರಡೂ ಸೇರಿದ ಕಡೆ ಬೆಳ್ಳಗೆ ಒಂದು ಗೆರೆ ಮೂಡುತ್ತದೆ. ಗುರುತು ಸಿಗದಿದ್ದರೆ ಏನೂ ಇಲ್ಲ.

ಗೆರೆ ಮೂಡಿತ್ತು. ದಾಕ್ಷಾಯಿಣಿ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಬುದ್ಧಿಯವರು ತಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಅವರ ಮುಖದಲ್ಲೂ ಒಂದು ಕಳೆ ಬಂದು ಹೋಯಿತು.

“ಹೋಲಿಸಿ ನೋಡೋಕೆ, ಹಾವಿನ ವಿಷದ ಗುರುತೇ ಇಲ್ಲದ ರಕ್ತ ಎಲ್ಲವ್ವ?”

ಅದನ್ನು ಹಾಕಿರಲಿಲ್ಲ. ಗೆರೆ ಕಾಣುವ ಆತುರದಲ್ಲಿ ಬೆಳ್ಳಿಯ ರಕ್ತ ಒಂದನ್ನೇ ಹಾಕಿದ್ದಳು.

“ಬರೀ ಅಗಾರ್ ಕೆಟ್ಟಿದ್ದರೂ ಗೆರೆ ಬೀಳಬಹುದು. ಗುರುತಿಲ್ಲದ ರಕ್ತಕ್ಕೆ ಗೆರೆ ಬೀಳಬಾರದು, ಬೆಳ್ಳಿಯ ರಕ್ತಕ್ಕೆ ಬೀಳಬೇಕು. ಆಗ ನಂಬೋಣ. ಎತ್ತು ಈಯ್ತು ಅಂದ ತಕ್ಷಣ ಕೊಟ್ಟಿಗೇಲಿ ಕಟ್ಟು ಅನ್ನಬಾರದು.”

ಅವಳು ಮೆಟ್ಟಿಲು ಹತ್ತಿ ಓಡಿ ಹೊಸ ತಟ್ಟೆ ತಯಾರು ಮಾಡಿದಳು. ಆದರೆ ಗುರುತಿಲ್ಲದ ರಕ್ತ ಯಾರದ್ದು?

ಆ ಮಠದಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಮೊದಲ ಲೋಟ ಕಾಫಿ ಬುದ್ಧಿಯವರಿಗೆ, ಮರದ ಮೊದಲ ಹಣ್ಣು ಬುದ್ಧಿಯವರಿಗೆ. ಯಾವ ಒಳ್ಳೆಯ ಕೆಲಸಕ್ಕೂ ಮೊದಲು ಅವರ ಕೈ ಮುಟ್ಟಿಸಬೇಕು. ಇಷ್ಟು ದೊಡ್ಡ ಪರೀಕ್ಷೆಗೆ ಕಂಡವರ ರಕ್ತ ಹಾಕುವುದೇ? ದಾಕ್ಷಾಯಿಣಿ ಸೂಜಿ ಹಿಡಿದು ಗುರುಗಳ ಮುಂದೆ ನಿಂತಳು.

“ತಮ್ಮ ಬೆರಳು ಕೊಡಬೇಕು ಬುದ್ಧಿ.”

ಬುದ್ಧಿಯವರು ಅವಳ ಮುಖ ನೋಡಿದರು. ಸ್ವಲ್ಪ ನಕ್ಕರು. ಬೆರಳು ಕೊಟ್ಟರು.

ಮಾರನೇ ಬೆಳಿಗ್ಗೆ ಅವಳು ತಟ್ಟೆಯ ಮುಚ್ಚಳ ತೆಗೆದಳು. ಬೆಳ್ಳಿಯ ರಕ್ತದ ಮುಂದೆ ಗೆರೆ ಇತ್ತು. ಪಕ್ಕದ ಗುಳಿಗೆ ಕಣ್ಣು ಹೊರಳಿಸಿದಳು.

ಬುದ್ಧಿಯವರ ರಕ್ತದ ಮುಂದೆಯೂ ಗೆರೆ.

ಗುರುತಿಲ್ಲದ ರಕ್ತಕ್ಕೂ ಗೆರೆ ಬಿತ್ತೆಂದರೆ ಬೆಳ್ಳಿಯ ಗೆರೆಗೆ ಅರ್ಥವೇ ಇಲ್ಲ. ಅಗಾರ್ ಕೆಟ್ಟಿದೆ, ಇಲ್ಲವೇ ವಿಷ ಕೆಟ್ಟಿದೆ. ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಊರುಗೋಲು ಊರಿ ಕುಂಟುತ್ತಾ ಜಗಲಿಗೆ ಬರುವ ಮಾವ ಕಣ್ಣ ಮುಂದೆ ಬಂದ. ಅವಳಿಗೆ ಅಳು ಬಂತು.

ಹೊರಗೆ ಕಾರಿನ ಸದ್ದಾಯಿತು. ಔಷಧದವರು ಬಂದಿದ್ದರು.

ಮೇಜಿನ ಮೇಲೆ ಬ್ಲೇಡು ಇತ್ತು. ಬುದ್ಧಿಯವರ ರಕ್ತ ಇದ್ದ ತುಂಡನ್ನು ಕತ್ತರಿಸಿ ತೆಗೆದರೆ ಉಳಿಯುವುದು ಬೆಳ್ಳಿಯ ಗೆರೆ ಮಾತ್ರ. ನೋಡುವವರಿಗೆ ಅಷ್ಟು ಸಾಕು. ಅವಳ ಕೈ ಬ್ಲೇಡಿನವರೆಗೆ ಹೋಗಿಯೂ ಹೋಯಿತು.

ಆದರೆ ಕತ್ತರಿಸಿದ ತುಂಡನ್ನು ಎಲ್ಲಿ ಹಾಕುವುದು? ಗುರುಗಳ ರಕ್ತವನ್ನು ಕಸದ ಬುಟ್ಟಿಗೆ ಹಾಕಲು ಅವಳಿಗೆ ಕೈ ಬರಲಿಲ್ಲ. ಸತ್ಯದ ಮೇಲಿನ ಆಸೆಯಿಂದಲ್ಲ, ಆ ಹಾಳು ಭಕ್ತಿಯಿಂದಲೇ ಅವತ್ತು ಅವಳು ಪಾರಾದಳು ಅಂತ ಹೇಳಬೇಕು.

ತಟ್ಟೆ ಹಿಡಿದು ಲಾಯಕ್ಕೆ ಹೋದಳು. ಬುದ್ಧಿಯವರು ಬೆಳ್ಳಿಗೆ ಹುರುಳಿ ತಿನ್ನಿಸುತ್ತಿದ್ದರು.

“ಸೋತೆ ಬುದ್ಧಿ. ಗುರುತಿಲ್ಲದ ರಕ್ತಕ್ಕೂ ಗೆರೆ ಬಿದ್ದಿದೆ.”

“ಯಾರ ರಕ್ತ?”

“ತಮ್ಮದು.”

ಬುದ್ಧಿಯವರು ಚಪ್ಪಲಿ ಬಿಟ್ಟು ಬಲಗಾಲನ್ನು ಕಲ್ಲಿನ ಮೇಲೆ ಇಟ್ಟರು. “ಬೆರಳು ಎಣಿಸು.”

ಇದೇನು ಹುಚ್ಚಾಟ ಅನ್ನಿಸಿದರೂ ಅವಳು ಎಣಿಸಿದಳು. ಮತ್ತೆ ಎಣಿಸಿದಳು.

ನಾಲ್ಕೂವರೆ ಇತ್ತು. ಹೆಬ್ಬೆರಳ ಪಕ್ಕದ ಬೆರಳು ಅರ್ಧಕ್ಕೇ ಮುಗಿದಿತ್ತು. ಹಿಮ್ಮಡಿಯ ಮೇಲೆ, ಹರಡಿನ ಹತ್ತಿರ ಅಂಗೈಯಗಲ ಚರ್ಮ ಸುಟ್ಟಂತೆ ಕಪ್ಪಗಾಗಿತ್ತು.

“ಬೆರಳು ಹೋಗಿದ್ದು ನೀನು ಇಲ್ಲಿಗೆ ಬರೋಕೆ ಮುಂಚೆ. ಈ ಕರೀದು ಹೋದ ದೀಪಾವಳೀದು. ಎರಡೂ ಕೊಳಕುಮಂಡಲವೇ.”

ಹೋದ ದೀಪಾವಳಿಗೆ ಅವಳು ಊರಿಗೆ ಹೋಗಿದ್ದಳು. ಬಂದಾಗ ಗುರುಗಳು ಕುಂಟುತ್ತಿದ್ದರು. ವಾತ ಇರಬೇಕು ಎಂದುಕೊಂಡು ಹರಳೆಣ್ಣೆ ತಂದುಕೊಟ್ಟಿದ್ದಳು. ಆ ಕಾಲಿಗೆ ದಿನಾ ಹಣೆ ಹಚ್ಚುತ್ತಿದ್ದಳು. ಒಂದು ದಿನವೂ ನೋಡಿರಲಿಲ್ಲ. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

ಜೊತೆಗೇ ತಲೆಯೊಳಗೆ ಏನೋ ಓಡತೊಡಗಿತು. ಬುದ್ಧಿಯವರು ಜೀವಮಾನವೆಲ್ಲ ಹಾವಿನ ವಿಷ ತೆಗೆದವರು. ಕಚ್ಚಿಸಿಕೊಂಡು ಬದುಕಿದವರು. ಹಾವಿನ ಗುರುತು ಇಲ್ಲದ ರಕ್ತ ಬೇಕು ಅಂತ ಹೋಗಿ, ಇಡೀ ಸೀಮೆಯಲ್ಲಿ ಆ ಗುರುತು ಅತಿ ಹೆಚ್ಚು ಇರುವ ರಕ್ತವನ್ನೇ ಅವಳು ತಂದಿದ್ದಳು. ಹಾಗಾದರೆ ಅಗಾರ್ ಕೆಟ್ಟಿರಬೇಕು ಅಂತೇನಿಲ್ಲ. ಬೆಳ್ಳಿ ಸೋತಿರಬೇಕು ಅಂತಲೂ ಇಲ್ಲ.

“ಗೊತ್ತಿದ್ದೂ ಯಾಕೆ ಹೇಳಲಿಲ್ಲ ಬುದ್ಧಿ?”

“ನೀನು ಬೆರಳು ಕೇಳಿದೆ, ಕೊಟ್ಟೆ. ರಕ್ತ ಎಂಥದು ಅಂತ ಕೇಳಲಿಲ್ಲ.”

“ಮತ್ತೆ ಗುರುತಿಲ್ಲದ ರಕ್ತ ಎಲ್ಲಿಂದ ತರಲಿ?”

ಬುದ್ಧಿಯವರು ಬೆಳ್ಳಿಯ ಕುತ್ತಿಗೆ ಸವರಿದರು. “ಇವಳಿಗೆ ಮೊದಲನೇ ಸೂಜಿ ಹಾಕೋ ಮುಂಚೆ ನಿನ್ನ ಕೈಲೇ ಒಂದು ಸೀಸೆ ರಕ್ತ ತೆಗೆಸಿದ್ದೆ. ಯಾಕೆ?”

ಕುದುರೆಗೆ ಕಾಯಿಲೆ ಗೀಯಿಲೆ ಇದೆಯೇ ಅಂತ ನೋಡುವುದಕ್ಕೆ ಇರಬೇಕು ಎಂದುಕೊಂಡಿದ್ದೆ ಎಂದಳು.

“ಆ ಸೀಸೆ ಫ್ರೀಜರ್ ಮೂಲೇಲಿ ಕೂತಿದೆ. ಹಾವು ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಬೆಳ್ಳಿ ಅದರೊಳಗಿದ್ದಾಳೆ. ಈ ಬೆಳ್ಳೀನ ಆ ಬೆಳ್ಳಿ ಜೊತೆ ಹೋಲಿಸು. ನನ್ನ ಜೊತೆ ಯಾಕೆ ಹೋಲಿಸ್ತೀಯ?”

ದಾಕ್ಷಾಯಿಣಿ ಆಗಲೇ ಓಡಿದ್ದಳು.

ಔಷಧದವರ ಹಿರಿಯರಿಗೆ ಅವತ್ತೇ ಹಿಂತಿರುಗುವ ಅವಸರ. ಬುದ್ಧಿಯವರು ಬಿಡಲಿಲ್ಲ. ನಂಜುಂಡೇಶ್ವರನ ದರ್ಶನ ಮಾಡಿಕೊಂಡು ಬನ್ನಿ, ಊಟ ಇಲ್ಲೇ, ಮಲಗುವುದೂ ಇಲ್ಲೇ ಎಂದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನೂ ನಗುತ್ತಲೇ ಸೇರಿಸಿದರು. ಬಂದವರು ಮುಖ ಮುಖ ನೋಡಿಕೊಂಡು ಉಳಿದರು.

ಹೊಸ ತಟ್ಟೆಯಲ್ಲಿ ನಡುವೆ ವಿಷ. ಒಂದು ಕಡೆ ಈಗಿನ ಬೆಳ್ಳಿ, ಅದರ ಪಕ್ಕದಲ್ಲಿ ಬುದ್ಧಿಯವರು. ಎದುರು ಬದಿಯಲ್ಲಿ ಹಳೆಯ ಬೆಳ್ಳಿ. ಬುದ್ಧಿಯವರ ರಕ್ತವನ್ನು ಯಾಕೆ ಬಿಡಲಿಲ್ಲ ಎಂದರೆ, ಈ ಸಲ ಅದು ಎಂಥ ರಕ್ತ ಅಂತ ಅವಳಿಗೆ ಗೊತ್ತಿತ್ತು: ಗೆರೆ ಬೀಳಲೇಬೇಕಾದ ರಕ್ತ.

ಬೆಳಗಾಯಿತು. ಎಲ್ಲರೂ ಮೇಜಿನ ಸುತ್ತ ನಿಂತರು. ಅವಳು ಮುಚ್ಚಳ ತೆಗೆದಳು.

ಹಳೆಯ ಬೆಳ್ಳಿಯ ಮುಂದೆ ಏನೂ ಇರಲಿಲ್ಲ. ತಿಳಿನೀರಿನ ಹಾಗೆ ಖಾಲಿ.

ಹೊಸ ಬೆಳ್ಳಿಯ ಮುಂದೆ ಗೆರೆ.

ದಾಕ್ಷಾಯಿಣಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಬೆಳ್ಳಿ ಕಲಿತಿತ್ತು. ಈ ಸೀಮೆಯ ಹಾವನ್ನು ಗುರುತು ಹಿಡಿಯುವ ರಕ್ತ ಈಗ ಈ ಸೀಮೆಯಲ್ಲೇ ಇತ್ತು. ಓಡಿ ಹೋಗಿ ಕುದುರೆಯನ್ನು ತಬ್ಬಿಕೊಂಡುಬರಬೇಕು ಅನ್ನಿಸಿತು.

“ಇರವ್ವ, ಇನ್ನೂ ನೋಡು,” ಎಂದರು ಬುದ್ಧಿಯವರು.

ನೋಡಿದಳು. ಬುದ್ಧಿಯವರ ರಕ್ತದ ಮುಂದೆಯೂ ಗೆರೆ ಇತ್ತು. ಆದರೆ ಅದು ಬೇರೆ ಗೆರೆಯಾಗಿ ನಿಂತಿರಲಿಲ್ಲ. ಬೆಳ್ಳಿಯ ಗೆರೆಯ ಕೊನೆಯೂ ಅವರ ಗೆರೆಯ ಕೊನೆಯೂ ಬಾಗಿ, ಒಂದಕ್ಕೊಂದು ಕೂಡಿಕೊಂಡು ಒಂದೇ ಬಿಲ್ಲಾಗಿದ್ದವು.

ಎರಡು ಗೆರೆ ಹೀಗೆ ಕೂಡಿದರೆ ಅದಕ್ಕೆ ಅರ್ಥ ಒಂದೇ. ವಿಷದೊಳಗಿನ ಯಾವ ಪ್ರೋಟೀನನ್ನು ಆ ಮನುಷ್ಯನ ಮೈ ಹಿಡಿದಿತ್ತೋ, ಅದನ್ನೇ ಈ ಕುದುರೆಯ ಮೈಯೂ ಹಿಡಿದಿತ್ತು. ಕಚ್ಚಿಸಿಕೊಂಡು ಬದುಕಿದವನ ರಕ್ತವೂ, ಔಷಧವಾಗಬೇಕಾದ ರಕ್ತವೂ ಒಂದೇ ಶತ್ರುವಿನ ಮೇಲೆ ಬೆರಳಿಟ್ಟಿದ್ದವು.

“ನಿನ್ನೇದೂ ಹಿಂಗೇ ಇತ್ತು,” ಎಂದರು ಬುದ್ಧಿಯವರು.

ನಿನ್ನೆಯ ತಟ್ಟೆ ತಂದು ನೋಡಿದಳು. ಹೌದು, ಅದರಲ್ಲೂ ಗೆರೆಗಳು ಕೂಡಿಕೊಂಡಿದ್ದವು. ಅಳುತ್ತಿದ್ದ ಕಣ್ಣಿಗೆ ಅದು ಕಂಡಿರಲಿಲ್ಲ. ಅದನ್ನೇ ಬ್ಲೇಡಿನಿಂದ ಕತ್ತರಿಸಲು ಹೊರಟಿದ್ದೆನಲ್ಲ ಎಂದು ನೆನೆದು ಅವಳ ಮೈ ಜುಮ್ಮೆಂದಿತು.

ಔಷಧದವರ ಹಿರಿಯರು ತಟ್ಟೆಯಿಂದ ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು. ಈ ರಕ್ತ ವಿಷವನ್ನು ಗುರುತಿಸುತ್ತದೆ, ಎಷ್ಟರಮಟ್ಟಿಗೆ ತಡೆಯುತ್ತದೆ ಅಂತ ಇನ್ನು ನೋಡಬೇಕು ಎಂದರು. ಆ ಪರೀಕ್ಷೆಗಳನ್ನು ಈ ವಾರದಿಂದಲೇ ಶುರು ಮಾಡುವುದಾಗಿಯೂ, ಕಟಾವಿಗೆ ಮೊದಲು ಮುಗಿಸಲು ಪ್ರಯತ್ನ ಮಾಡುವುದಾಗಿಯೂ ಹೇಳಿದರು. ಈ ಸಲದ ಅವಸರವೇ ಬೇರೆಯಾಗಿತ್ತು. ತಿಂಡಿಗೂ ನಿಲ್ಲದೆ ಹೊರಟರು.

ಕಾರು ಹೋದ ಮೇಲೆ ದಾಕ್ಷಾಯಿಣಿ ಬುದ್ಧಿಯವರ ಮುಂದೆ ಬಂದಳು. ಎರಡು ದಿನದ ನಮಸ್ಕಾರ ಬಾಕಿ ಇತ್ತು.

ಬಗ್ಗಿದಳು. ಅಭ್ಯಾಸಬಲದಿಂದ ಕಣ್ಣು ಮುಚ್ಚಲು ಹೋಯಿತು. ತಡೆದಳು.

ಹಣೆ ಹಚ್ಚುವ ಮೊದಲು ಆ ಅರ್ಧ ಬೆರಳನ್ನು ನೋಡಿದಳು. ಹರಡಿನ ಕಪ್ಪು ಚರ್ಮವನ್ನು ನೋಡಿದಳು. ಅದರ ಅಂಚಿನಲ್ಲಿ ಹೊಸದಾಗಿ ಒಡೆದು, ಸಣ್ಣಗೆ ಕೀವು ಕಟ್ಟಿತ್ತು.

“ಇದಕ್ಕೆ ಇವತ್ತೇ ಮುಲಾಮು ಹಚ್ಚಿ ಪಟ್ಟಿ ಕಟ್ಟಬೇಕು ಬುದ್ಧಿ,” ಎಂದಳು. “ಇಷ್ಟು ದಿನ ಹೀಗೇ ಬಿಟ್ಟುಕೊಂಡಿದ್ದೀರಲ್ಲ.”

ಬುದ್ಧಿಯವರು ಅವಳ ತಲೆಯ ಮೇಲೆ ಕೈ ಇಟ್ಟರು.

“ಇವತ್ತು ತಲುಪಿತು ಕಣವ್ವ.”