ಸೇರಿನ ಬಾಯಿ ಸವರುವ ಕೋಲು

“ಅಕ್ಕೋರೆ, ತರಗತಿಯ ನಿಯಮ ಬಿಗಿಯಾಗಿರಬೇಕೋ, ಸಡಿಲವಾಗಿರಬೇಕೋ?”

ವನಮಾಲಾ ಕೇಳಿದ್ದು ಇಷ್ಟೇ. ಇದನ್ನು ಕೇಳುವುದಕ್ಕೆ ಅವಳು ಎರಡು ಬಸ್ಸು ಬದಲಿಸಿ ಬಂದಿದ್ದಳು. ಬಂದು ಎರಡು ಲೋಟ ಚಹಾ ಕುಡಿದ ಮೇಲೆ ಬಾಯಿ ಬಿಟ್ಟಿದ್ದಳು.

ಅವಳು ಹೈಸ್ಕೂಲಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ನೀಲಾಂಬಿಕೆ ಅಕ್ಕೋರು ಅವಳಿಗೆ ಕಲಿಸಿದವರು. ಅಕ್ಕೋರಿಗೆ ಈಗ ಎಂಬತ್ತೊಂದು. ಹುಟ್ಟಿದ ಊರು ಬಿಟ್ಟು, ಈ ದೂರದ ಪಟ್ಟಣಕ್ಕೆ ಬಂದು ನಲವತ್ತು ವರ್ಷ ದಾಟಿದೆ. ಆದರೂ ಅಲ್ಲಿಯ ಜೋಳ ಇಲ್ಲಿಯ ಜೋಳಕ್ಕಿಂತ ರುಚಿ ಎಂದು ದಿನಕ್ಕೊಮ್ಮೆ ಹೇಳದೆ ಊಟಕ್ಕೆ ಕೂರುವುದಿಲ್ಲ.

ವನಮಾಲಾ ತನ್ನ ಚೀಲದಿಂದ ಎರಡು ಹಾಳೆ ತೆಗೆದು ಮುಂದಿಟ್ಟಳು. ಹೊಸ ಶಾಲಾ ವರ್ಷದ ಮೊದಲ ದಿನ ಮಕ್ಕಳಿಗೆ ಹಂಚಬೇಕಾದ ಹಾಳೆ. ಅದರಲ್ಲಿ ಇಪ್ಪತ್ತೆರಡು ನಿಯಮಗಳಿದ್ದವು. ಎರಡನೆಯ ಗಂಟೆಯ ಮೇಲೆ ಬಂದವರು ಹೊರಗೆ ನಿಲ್ಲಬೇಕು. ಪ್ರಾಜೆಕ್ಟ್ ಒಂದು ದಿನ ತಡವಾದರೂ ಐದು ಅಂಕ ಕಡಿತ. ಸ್ಕೇಲು ಹಿಡಿಯದೆ ಎಳೆದ ಬೇಡಿಕೆಯ ರೇಖೆಗೆ ಅಂಕವಿಲ್ಲ. ಪೇಟೆಯ ದರ ಬರೆದು ತರುವವರು ಅಂಗಡಿಯ ಹೆಸರು ಬರೆಯಬೇಕು, ಮನೆಯಲ್ಲೇ ಕೂತು ದರ ಹುಟ್ಟಿಸಬಾರದು.

“ಮೊದಲ ವರ್ಷ ಆರೇ ಇದ್ದವು, ಅಕ್ಕೋರೆ. ಮಕ್ಕಳು ಒಂದೊಂದು ದಾರಿ ಹುಡುಕಿದ ಹಾಗೆ ನಾನೂ ಒಂದೊಂದು ಬರೆದೆ. ಐದು ಅಂಕ ಕಡಿತ ಎಂದರೆ, ಐದು ತಾನೇ ಹೋಗಲಿ ಎಂದು ಹದಿನೈದು ದಿನ ತಡಮಾಡಿದರು.”

“ಅರ್ಥಶಾಸ್ತ್ರವನ್ನು ಚೆನ್ನಾಗಿ ಕಲಿಸಿದ್ದೀಯಲ್ಲ,” ಎಂದರು ಅಕ್ಕೋರು.

ವನಮಾಲಾಳಿಗೆ ನಗು ಬಂತು. ಆದರೆ ಪೂರ್ತಿ ಬರಲಿಲ್ಲ. ಅರ್ಥಶಾಸ್ತ್ರ ಆ ಶಾಲೆಯಲ್ಲಿ ಬೇಕಾದವರು ಮಾತ್ರ ತೆಗೆದುಕೊಳ್ಳುವ ವಿಷಯ. ಹತ್ತನೆಯ ತರಗತಿಗೆ ಕನಿಷ್ಠ ಹದಿನೈದು ಮಕ್ಕಳಾದರೂ ಬೇಕು, ಇಲ್ಲದಿದ್ದರೆ ಆ ತರಗತಿಯೇ ಇಲ್ಲ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಒಂಬತ್ತರಲ್ಲಿ ಇಪ್ಪತ್ತಾರು ಮಂದಿ ಇದ್ದರು. ಈಗ ಹನ್ನೊಂದು ಹೆಸರು ಬಂದಿದ್ದವು. ಉಳಿದವರು ಸೋಮವಾರದೊಳಗೆ ತಿಳಿಸಬೇಕಿತ್ತು. ತಿಳಿಸದವರಲ್ಲಿ ಒಬ್ಬಳು ಆ ಕೋಣೆಯಲ್ಲೇ, ಕಿಟಕಿಯ ಹತ್ತಿರ, ಪುಸ್ತಕ ತಲೆಕೆಳಗಾಗಿ ಹಿಡಿದು ಓದುತ್ತಿರುವಂತೆ ಕೂತಿದ್ದಳು. ಅವಳು ರಜೆಗೆಂದು ಅಜ್ಜಿಯ ಮನೆಗೆ ಬಂದಿದ್ದ ಅಕ್ಕೋರ ಮೊಮ್ಮಗಳು ಇಂಚರ.

ಅಕ್ಕೋರು ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

“ಒಂದು ಸಂತೆಯಲ್ಲಿ ಒಬ್ಬ ವ್ಯಾಪಾರಿ ಇದ್ದ,” ಎಂದು ಶುರುಮಾಡಿದರು. “ಅವನ ಹತ್ತಿರ ಒಂದು ಸೇರು ಇತ್ತು, ಒಂದು... ಏನದು, ಸೇರಿನ ಬಾಯಿ ಸವರುವ ಕೋಲು. ತುಂಬಿದ ಕಾಳಿನ ತಲೆ ತೆಗೆದು ಸಮ ಮಾಡುತ್ತದಲ್ಲ, ಅದು. ನಮ್ಮ ಕಡೆ ಅದಕ್ಕೊಂದು ಹೆಸರಿತ್ತು. ನಮ್ಮಪ್ಪ ಕೂಗಿ ಕೇಳುತ್ತಿದ್ದರು, ನಾನೇ ಓಡಿಹೋಗಿ ತಂದುಕೊಡುತ್ತಿದ್ದೆ. ಕೋಲು ಕಣ್ಣ ಮುಂದಿದೆ, ಹೆಸರು ಬರುತ್ತಿಲ್ಲ.”

“ಕೋಲು ಅಂದರೆ ಸಾಕಲ್ಲ, ಅಜ್ಜಿ,” ಎಂದಳು ಇಂಚರ ಕಿಟಕಿಯಿಂದ.

“ನೀನು ಓದುತ್ತಿದ್ದೀಯೆಂದುಕೊಂಡಿದ್ದೆ,” ಎಂದರು ಅಕ್ಕೋರು. “ಇರಲಿ, ಕೋಲು.”

ಆಮೇಲೆ ಅವರು ಕತೆ ಹೇಳಿದರು.

ವ್ಯಾಪಾರಿ ರೈತರಿಂದ ಜೋಳ ಕೊಳ್ಳುತ್ತಿದ್ದ. ಕೊಳ್ಳುವಾಗ ಸೇರಿನ ಮೇಲೆ ಗೋಪುರ ಏರುವವರೆಗೆ ತುಂಬುತ್ತಿದ್ದ. ಅದೇ ಜೋಳ ಮಾರುವಾಗ ಕೋಲು ತೆಗೆದು ಬಾಯಿಯ ಮಟ್ಟಕ್ಕೆ ಸವರುತ್ತಿದ್ದ. ಅವನೇನೂ ಕದ್ದು ಮಾಡುತ್ತಿರಲಿಲ್ಲ. ಅಂಗಡಿಯ ಮುಂದೆ ಕರಿ ಹಲಗೆ ತೂಗುಹಾಕಿ ಸುಣ್ಣದಲ್ಲಿ ಬರೆದಿದ್ದ: ಕೊಳ್ಳುವಾಗ ಗೋಪುರ, ಮಾರುವಾಗ ಸಮ.

ಗೋಪುರದಲ್ಲಿ ಹೋದದ್ದನ್ನು ರೈತರು ಚೀಲದ ತಳದಲ್ಲಿ ತುಂಬಿಕೊಂಡರು. ಜೋಳದ ಜೊತೆ ಸಣ್ಣ ಕಲ್ಲು ಬಂತು. ವ್ಯಾಪಾರಿ ಹಲಗೆಯಲ್ಲಿ ಬರೆದ: ಕಲ್ಲು ಕೂಡದು. ರೈತರು ಕಾಳಿಗೆ ನೀರು ಚಿಮುಕಿಸಿ ತಂದರು. ಅವನು ಬರೆದ: ಹಸಿ ಕೂಡದು. ಇಳಿಹೊತ್ತಿನ ಮಸುಕಿನಲ್ಲಿ ತಂದರು. ಅವನು ಬರೆದ: ಮಧ್ಯಾಹ್ನದ ಮೇಲೆ ಕೂಡದು. ಹೀಗೆ ಹದಿನೆಂಟು ಸಾಲುಗಳಾದವು. ಹಲಗೆ ತುಂಬಿತು. ಅಂಗಳ ಖಾಲಿಯಾಯಿತು.

ಒಂದು ಸಂತೆಯ ದಿನ ಅವನಿಗೆ ಬಹಳ ಅವಸರವಿತ್ತು. ಮಠದ ದಾಸೋಹಕ್ಕೆ ಐವತ್ತು ಚೀಲ ಜೋಳ ಕಳಿಸುತ್ತೇನೆಂದು ಸ್ವಾಮಿಗಳಿಗೆ ಮಾತು ಕೊಟ್ಟಿದ್ದ. ಸಂಜೆಗೆ ಬಂಡಿ ಹೊರಡಬೇಕು. ಹೊತ್ತು ನೆತ್ತಿಗೇರಿದರೂ ಬಂದದ್ದು ಮೂರೇ ಚೀಲ.

ಆಗ ಒಬ್ಬ ರೈತ ಹೆಂಗಸು ಒಂದು ಚೀಲ ತಂದು ಇಳಿಸಿದಳು. ಅವಳ ಊರಿನ ಬಂಡಿಗಳೆಲ್ಲ ಕೆರೆಯ ಏರಿಯ ಮೇಲೆ ನಿಂತಿದ್ದವು. ಈ ಒಂದು ಚೀಲವನ್ನು ಅವನು ಹೇಗೆ ಅಳೆಯುತ್ತಾನೆಂದು ನೋಡಿ, ಬರುವುದೋ ಬೇಡವೋ ಎಂದು ತೀರ್ಮಾನಿಸಲು ಊರವರು ಅವಳನ್ನು ಕಳಿಸಿದ್ದರು.

“ನನಗೆ ಓದಲು ಬರುವುದಿಲ್ಲ, ಸಾಹುಕಾರರೆ. ಹಲಗೆಯಲ್ಲಿ ಏನಿದೆ?” ಎಂದು ಕೇಳಿದಳು.

ಅವನು ಹದಿನೆಂಟನ್ನೂ ಓದಿದ. ಅವಳು ಚೀಲದ ಮೇಲೆ ಕೂತು, ಕೆನ್ನೆಗೆ ಕೈ ಕೊಟ್ಟು ಕೇಳಿದಳು.

“ಇವೆಲ್ಲ ನನಗೇ?”

“ನಿನಗೇ.”

“ನಿಮಗೆ ಯಾವುದು?”

“ಹಲಗೆ ನನ್ನದು,” ಎಂದ ವ್ಯಾಪಾರಿ.

“ಜೋಳ ನನ್ನದು,” ಎಂದು ಅವಳು ಎದ್ದು ಚೀಲಕ್ಕೆ ಕೈ ಹಾಕಿದಳು.

ವ್ಯಾಪಾರಿ ಏರಿಯ ಮೇಲಿನ ಬಂಡಿಗಳನ್ನು ನೋಡಿದ. ಬಿಸಿಲನ್ನು ನೋಡಿದ. “ನಿಲ್ಲು ತಾಯಿ. ನಿನಗೇನು ಬೇಕು, ಹೇಳು,” ಎಂದ.

“ಹೆಚ್ಚೇನಿಲ್ಲ. ಸೇರು ನೀವೇ ತುಂಬಿರಿ, ಎಷ್ಟು ಬೇಕಾದರೂ ತುಂಬಿರಿ. ಕೋಲು ನನ್ನ ಕೈಗೆ ಕೊಡಿ. ನಾನು ಕೊಳ್ಳಲು ಬಂದ ದಿನ ನಾನು ತುಂಬುತ್ತೇನೆ, ಕೋಲು ನೀವು ಹಿಡಿಯಿರಿ.”

ಸಂತೆಯವರು ಸುತ್ತ ಸೇರಿದರು. ಸಾಹುಕಾರನ ಕೋಲು ಇನ್ನೊಬ್ಬರ ಕೈಗೆ ಹೋದದ್ದನ್ನು ಅವರು ಯಾರೂ ಕಂಡಿರಲಿಲ್ಲ. ಅವನು ಸೇರು ತುಂಬಿ, ಅಳೆಯುವವರೆಲ್ಲ ಒಂದು ಎನ್ನುವ ಬದಲು ಹೇಳುವಂತೆ, “ಲಾಭ” ಎಂದ. ಅವಳು ಕೋಲು ಎಳೆದಳು. ಕೋಲು ಸೇರಿನ ಅಂಚಿನಿಂದ ಮೇಲೆ ನಿಲ್ಲಲಿಲ್ಲ, ಕೆಳಗೆ ಇಳಿಯಲೂ ಇಲ್ಲ. ಅವನು “ಎರಡು” ಎಂದ. ಅವಳು ಎಳೆದಳು. ಹೀಗೆ ಚೀಲ ತಳ ಕಂಡಿತು.

ತಳದಲ್ಲಿ ಎರಡು ಹಿಡಿ ಕಲ್ಲು ಇದ್ದವು. ವ್ಯಾಪಾರಿ ಹಲಗೆಯ ಕಡೆ ಕೈ ತೋರಿಸುವಷ್ಟರಲ್ಲಿ ಅವಳೇ ಕಲ್ಲನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು.

“ಇವು ನಿಮ್ಮ ಗೋಪುರಕ್ಕೆಂದು ತಂದಿದ್ದವು, ಸಾಹುಕಾರರೆ,” ಎಂದಳು. “ಗೋಪುರವೇ ಇಲ್ಲವಲ್ಲ, ಮನೆಗೆ ಒಯ್ಯುತ್ತೇನೆ.”

ವ್ಯಾಪಾರಿಗೆ ಸಿಟ್ಟು ಬರಬೇಕಿತ್ತು. ಆದರೆ ಅಷ್ಟರಲ್ಲಿ ಏರಿಯಿಂದ ಬಂಡಿಗಳು ಇಳಿಯತೊಡಗಿದ್ದವು. ಅವನಿಗೆ ಸಿಟ್ಟಾಗಲು ಪುರುಸೊತ್ತಾಗಲಿಲ್ಲ. ಸಂಜೆಗೆ ಐವತ್ತು ಚೀಲವೂ ಮಠದ ದಾರಿ ಹಿಡಿದವು. ಮುಂದಿನ ಸಂತೆಗೆ ಅವನು ಕಲ್ಲಿನ ಸಾಲು ಅಳಿಸಿದ, ಏಕೆಂದರೆ ಕಲ್ಲು ಬರಲಿಲ್ಲ. ಅದರ ಮುಂದಿನ ಸಂತೆಗೆ ನೀರಿನ ಸಾಲು ಅಳಿಸಿದ. ವರ್ಷ ತುಂಬುವಾಗ ಹಲಗೆಯಲ್ಲಿ ಒಂದೇ ಸಾಲು ಉಳಿದಿತ್ತು: ತುಂಬುವವರು ಒಬ್ಬರು, ಸವರುವವರು ಇನ್ನೊಬ್ಬರು.

ಕತೆ ಅಲ್ಲಿಗೆ ನಿಂತಿತು. ಅಕ್ಕೋರು ಆರಿದ ಚಹಾ ಕುಡಿದು ಲೋಟ ಕೆಳಗಿಟ್ಟರು.

ಆ ವ್ಯಾಪಾರಿಯ ಮೇಲೆ ವನಮಾಲಾಳಿಗೆ ಸ್ವಲ್ಪ ಕನಿಕರ ಹುಟ್ಟಿತ್ತು. ಹದಿನೆಂಟು ಸಾಲು ಬರೆಯುವಾಗ ಅವನ ಕೈ ಎಷ್ಟು ನೊಂದಿರಬೇಕೆಂದು ಅವಳಿಗೆ ಗೊತ್ತಿತ್ತು.

“ಹಾಗಾದರೆ ಈ ಇಪ್ಪತ್ತೆರಡನ್ನೂ ಅಳಿಸಿಬಿಡಲೇ, ಅಕ್ಕೋರೆ?”

“ನಾನೆಲ್ಲಿ ಹಾಗೆಂದೆ? ತಡಮಾಡಿದರೆ ತಪ್ಪೇ. ದರ ಹುಟ್ಟಿಸಿದರೆ ದೊಡ್ಡ ತಪ್ಪು.” ಅಕ್ಕೋರು ಹಾಳೆಗಳನ್ನು ಬಿಡಿಸಿ ಅವಳ ಮುಂದೆ ಹಿಡಿದರು. “ಪ್ರತಿ ಸಾಲನ್ನು ಪಾಲಿಸಬೇಕಾದವರು ಯಾರು, ಅಷ್ಟನ್ನೇ ಓದು.”

ವನಮಾಲಾ ಓದಿದಳು. ವಿದ್ಯಾರ್ಥಿಗಳು. ವಿದ್ಯಾರ್ಥಿಗಳು. ವಿದ್ಯಾರ್ಥಿಗಳು. ಎಂಟನೆಯದಕ್ಕೆ ಅವಳ ಸ್ವರ ಇಳಿಯಿತು. ಹನ್ನೆರಡನೆಯದಕ್ಕೆ ನಿಂತಿತು.

ಕಿಟಕಿಯ ಹತ್ತಿರ ಇಂಚರ ಪುಸ್ತಕ ಮುಚ್ಚಿದಳು. “ಮೇಡಂ, ಒಂದು ಕೇಳಲೇ? ಸಿಟ್ಟಾಗಬಾರದು.”

“ಕೇಳು.”

“ದಸರೆಗೆ ಮುಂಚೆ ಈರುಳ್ಳಿ ದರದ ಪ್ರಾಜೆಕ್ಟ್ ಕೊಟ್ಟಿದ್ದೆವು. ನಾನು ಒಂದು ದಿನವೂ ತಡಮಾಡಿರಲಿಲ್ಲ. ಆರು ಸಂತೆ ಸುತ್ತಿ ಬರೆದಿದ್ದೆ. ಅದು ಎಲ್ಲಿದೆ?”

ಅದು ವನಮಾಲಾಳ ಮನೆಯ ಕಪಾಟಿನ ಮೇಲೆ, ಇನ್ನೂ ಇಪ್ಪತ್ತೈದು ಪ್ರಾಜೆಕ್ಟುಗಳ ಜೊತೆ ಇತ್ತು. ಅಂಕಗಳನ್ನು ಪಟ್ಟಿಗೆ ಏರಿಸಿ, ಒಂದು ಮಾತೂ ಬರೆಯದೆ, ಹಾಗೆಯೇ ಕಟ್ಟಿಟ್ಟಿದ್ದಳು. ಬೇಸಿಗೆ ರಜೆ ಮುಗಿಯುತ್ತ ಬಂದಿತ್ತು.

“ಇದೆ,” ಎಂದಳು ವನಮಾಲಾ.

“ಇದ್ದೇ ಇರುತ್ತದೆ,” ಎಂದಳು ಇಂಚರ. “ಈರುಳ್ಳಿ ಇಷ್ಟು ಹೊತ್ತಿಗೆ ಮೊಳಕೆ ಬಂದಿರುತ್ತದೆ.”

ವನಮಾಲಾಳಿಗೆ ಈ ಸಲ ನಗು ಪೂರ್ತಿ ಬಂತು. ಇಂಚರಳೂ ನಕ್ಕಳು. ಅಕ್ಕೋರು ಮಾತ್ರ ನಗಲಿಲ್ಲ. ಅವರು ಕನ್ನಡಕದ ಪೆಟ್ಟಿಗೆಯಿಂದ ಪೆನ್ನು ತೆಗೆದರು, ಎರಡನೆಯ ಹಾಳೆಯ ಕೆಳಗೆ ಉಳಿದ ಖಾಲಿ ಜಾಗದಲ್ಲಿ ಇಪ್ಪತ್ತಮೂರು ಎಂದು ಅಂಕಿ ಹಾಕಿದರು. ಹಾಳೆಯನ್ನೂ ಪೆನ್ನನ್ನೂ ವನಮಾಲಾಳಿಗೆ ಕೊಡುವರೆಂದು ಅವಳು ಕೈ ಚಾಚಿದಳು. ಅವು ಅವಳ ಕೈಯನ್ನು ದಾಟಿ ಕಿಟಕಿಯ ಕಡೆಗೆ ಹೋದವು.

“ತುಂಬುವುದನ್ನು ನಿಮ್ಮ ಮೇಡಂ ತುಂಬಿದ್ದಾರೆ, ಇಂಚರ, ಇನ್ನು ಕೋಲು ನಿನ್ನದು, ಬರೆ.”